ತಂಗಿಯ ಸರ್ಕಾರಕ್ಕೆ ನಾನು ಮಾಡಿದ ಪ್ರಚಾರ

ನನ್ನ ತಂಗಿ ಒಂದು ಸರ್ಕಾರ ಕಟ್ಟುತ್ತಿದ್ದಳು. ಕಾದಂಬರಿಯೊಳಗೆ. ಜನರ ಬಾಯಿ ಮುಚ್ಚಿಸಿ, ಮುಚ್ಚಿಸಿದ್ದಕ್ಕೆ ಅವರ ಕೈಲೇ ಕೈ ಮುಗಿಸಿಕೊಳ್ಳುವ ಸರ್ಕಾರ ಅದು. ಓದಿದವರು ಹೆದರಬೇಕು, ಹೆದರಿ ಎಚ್ಚರವಾಗಬೇಕು ಅನ್ನುವುದು ಅವಳ ಆಸೆ. ಆ ಸರ್ಕಾರ ಇನ್ನಷ್ಟು ಕೆಡುವುದಕ್ಕೆ ನಾನೂ ಕೈ ಹಾಕಿದೆ. ಅಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ.

ನಾನು ಆಟೋ ಪ್ರಚಾರದವನು. ಆಟೋ ತಲೆಯ ಮೇಲೆ ಎರಡು ಹಾರ್ನು ಸ್ಪೀಕರು, ಹಿಂದಿನ ಸೀಟಿನಲ್ಲಿ ಆಂಪ್ಲಿಫೈಯರ್ ಮತ್ತು ಬ್ಯಾಟರಿ, ಮುಂದೆ ನಾನು. ಒಂದು ಕೈಲಿ ಹ್ಯಾಂಡಲ್, ಇನ್ನೊಂದರಲ್ಲಿ ಮೈಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಶಿವಾಜಿನಗರದ ಒಂದು ಸೌಂಡ್ ಸಿಸ್ಟಂ ಅಂಗಡಿಯಲ್ಲಿ ವೈರು ಸುತ್ತುತ್ತಿದ್ದೆ. ಒಂದು ದಿನ ಅಲ್ಲಿ ಅನೌನ್ಸ್ ಮಾಡುವವರಿಗೆ ಗಂಟಲು ಕಟ್ಟಿತು. ಅವರ ಬದಲು ನಾನು ಮಾತಾಡಿದೆ. ಆಮೇಲೆ ಯಾರೂ ನನಗೆ ವೈರು ಸುತ್ತಲು ಹೇಳಲಿಲ್ಲ. ಕಣ್ಣಿನ ಶಿಬಿರ, ಸೀರೆ ರಿಯಾಯಿತಿ, ಕಳೆದುಹೋದ ಮಗು, ಚುನಾವಣೆ, ಪೋಲಿಯೋ ಹನಿ, ಎಲ್ಲವನ್ನೂ ಒಂದೇ ಗಂಟಲಲ್ಲಿ ಹೇಳಿದ್ದೇನೆ. ಕೆ.ಆರ್. ಪುರಂವರೆಗೂ ಹೋಗಿದ್ದೇನೆ. ಇಂದಿರಾನಗರದಲ್ಲಿ ನನ್ನ ದನಿ ಕೇಳಿದರೆ ಕಿಟಕಿ ಮುಚ್ಚುತ್ತಾರೆ. ನಮ್ಮ ಜೋಗುಪಾಳ್ಯದಲ್ಲಿ ತೆಗೆಯುತ್ತಾರೆ. ಹಾಗಾಗಿ ಜೋಗುಪಾಳ್ಯವೇ ಸುಸಂಸ್ಕೃತ ಏರಿಯಾ ಅಂತ ನಾನು ಬಹಳ ಕಾಲ ನಂಬಿದ್ದೆ.

ನಮ್ಮ ಕಡೆ ಪ್ರಚಾರ ಅಂದರೆ ಮೂರು ಸಲ ಹೇಳಬೇಕು. ಮೊದಲು ಕನ್ನಡದಲ್ಲಿ, ಆಮೇಲೆ ತಮಿಳಿನಲ್ಲಿ, ಕೊನೆಗೆ ಉರ್ದುವಿನಲ್ಲಿ. ಉರ್ದು ಅಂದರೆ ದಂಡು ಪ್ರದೇಶದ ಉರ್ದು, ಪುಸ್ತಕದ್ದಲ್ಲ. ತಮಾಷೆ ಏನೆಂದರೆ, ನಮ್ಮ ಬೀದಿಯಲ್ಲಿ ಎಲ್ಲರಿಗೂ ಮೂರೂ ಬರುತ್ತದೆ. ಒಂದೇ ಜಗಳದಲ್ಲಿ ಮೂರನ್ನೂ ಬಳಸುವವರು ನಾವು. ಆದರೂ ಮೈಕಿನಲ್ಲಿ ಕನ್ನಡ ಮುಗಿದ ಕೂಡಲೇ ಕನ್ನಡದವರು ಒಳಗೆ ಹೋಗಿ ಒಲೆ ನೋಡುತ್ತಾರೆ. ತಮಿಳು ಮುಗಿದ ಕೂಡಲೇ ತಮಿಳರು ಟೀವಿ ದನಿ ಏರಿಸುತ್ತಾರೆ. ಉರ್ದು ಬರುವ ತನಕ ಉರ್ದುವಿನವರು ಬಾಗಿಲಿಗೆ ಬರುವುದೇ ಇಲ್ಲ. ಮಿಕ್ಕಿದ್ದು ಮಿಕ್ಕವರಿಗೆ, ವಿಷಯ ಅದೇ ಇರುತ್ತೆ ಬಿಡು ಅನ್ನುವ ನಂಬಿಕೆ. ಇದನ್ನು ನಾನು ಇಷ್ಟು ವರ್ಷ ಮೈಕು ಹಿಡಿದೂ ಗಮನಿಸಿರಲಿಲ್ಲ. ಗಮನಿಸಿದ್ದು ತಂಗಿ, ಟೆರೇಸಿನ ಮೇಲೆ ಬಟ್ಟೆ ಒಣಹಾಕುತ್ತಾ.

ಅಪ್ಪ ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಇಬ್ಬರೂ ಯಾಕೆ ಮದುವೆಯಾಗಲಿಲ್ಲ ಅಂತ ಬೀದಿಯವರು ಕೇಳಿ ಕೇಳಿ ಸುಸ್ತಾಗಿ ನಿಲ್ಲಿಸಿದ್ದಾರೆ. ಅವಳು ಓದಿದವಳು, ವಿಮಾ ಕಚೇರಿಯಲ್ಲಿ ಕೆಲಸ. ಬೆಳಗ್ಗೆ ಹಲಸೂರಿನಲ್ಲಿ ಮೆಟ್ರೋ ಹತ್ತಿದರೆ ಸಂಜೆ ಇಳಿಯುತ್ತಾಳೆ. ಆಗ ಇಳಿದವಳು ನೇರ ಮನೆಗೆ ಬರುತ್ತಿರಲಿಲ್ಲ. ಬೀದಿಯ ಮೂಲೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಒಂದು ಕೊಠಡಿ ಇದೆ. ಹಿಂದೆ ಹಾಲಿನ ಬೂತ್ ಆಗಿತ್ತು. ಬೂತ್ ಮುಚ್ಚಿದ ಮೇಲೆ ಇಲಿಗಳದ್ದಾಗಿತ್ತು. ಅದನ್ನು ಅವಳೇ ತೊಳೆದು, ಸುಣ್ಣ ಹೊಡೆಸಿ, ಅವರಿವರ ಮನೆಯ ಅಟ್ಟದಿಂದ ಪುಸ್ತಕ ಇಳಿಸಿ ತಂದು, ಓದುವ ಕೋಣೆ ಮಾಡಿದಳು. ನಮ್ಮ ಬೀದಿಯ ಮನೆ ಅಂದರೆ ಒಂದೇ ರೂಮು, ಆ ರೂಮಿನಲ್ಲಿ ಅಜ್ಜ, ಟೀವಿ, ಕುಕ್ಕರ್. ಓದುವ ಹುಡುಗಿಯರು ಸಂಜೆ ಅಲ್ಲಿಗೆ ಬಂದು ಕೂರುತ್ತಿದ್ದರು. ಬಾಗಿಲಿನ ಹೊರಗೆ ಅವರ ಚಪ್ಪಲಿಗಳ ರಾಶಿ. ರಾಶಿಯ ಮೇಲೆ ಗೋಡೆಗೆ ಒಂದು ಕರಿಹಲಗೆ. ಅದರಲ್ಲಿ ದಿನಕ್ಕೊಂದು ಪ್ರಶ್ನೆ ಬರೆಯುವುದು ಹುಡುಗಿಯರ ಪದ್ಧತಿ. ಮೊಸರು ಯಾಕೆ ಹುಳಿಯಾಗುತ್ತದೆ. ಹಲಸೂರಿಗೆ ಆ ಹೆಸರು ಹೇಗೆ ಬಂತು. ಹೀಗೆ.

ಕಾದಂಬರಿಯನ್ನು ಅವಳು ಭಾನುವಾರ ಬೆಳಗ್ಗೆ ನನಗೆ ಓದಿ ಹೇಳುತ್ತಿದ್ದಳು. ನಿನಗೆ ಅರ್ಥವಾದರೆ ಎಲ್ಲರಿಗೂ ಆಗುತ್ತೆ ಅನ್ನುತ್ತಿದ್ದಳು. ಬೇರೆಯವರು ಅಂದಿದ್ದರೆ ಬೈಗುಳ. ಅವಳು ಅಂದದ್ದನ್ನು ಬಿರುದು ಅಂದುಕೊಂಡೆ. ಅವರೆಕಾಳಿನ ಕಾಲದಲ್ಲಿ ನೆನೆಸಿದ ಕಾಳನ್ನು ಬಟ್ಟಲಲ್ಲಿಟ್ಟುಕೊಂಡು ನಾನು ಒಂದೊಂದೇ ಹಿತುಕುತ್ತಾ ಕೂರುವುದು, ಅವಳು ಓದುವುದು.

ಅವಳ ಸರ್ಕಾರ ಸಂಜೆಯನ್ನು ರದ್ದು ಮಾಡಿತ್ತು. ಜನ ಸೇರುವುದು, ಮಾತಾಡುವುದು, ನಗುವುದು ಎಲ್ಲಾ ಸಂಜೆಯೇ ಆದ್ದರಿಂದ, ಮಧ್ಯಾಹ್ನ ಮುಗಿದ ಕೂಡಲೇ ರಾತ್ರಿ. ಊರಿನ ಗಡಿಯಾರಗಳನ್ನು ಇಳಿಸಿ ಪ್ರತಿ ಕಂಬಕ್ಕೂ ಒಂದು ಹಾರ್ನು ಕಟ್ಟಿದ್ದರು. ಗಂಟೆ ಎಷ್ಟು ಅಂತ ಹಾರ್ನೇ ಹೇಳಬೇಕು. ಹಾರ್ನ್ ಬಂದದ್ದೇ ನನ್ನ ಕಿವಿ ನೆಟ್ಟಗಾಯಿತು. ಅದರಲ್ಲಿ ಮಂತ್ರಿಯೊಬ್ಬ ಬಹಳ ಹೊತ್ತು ಗುಡುಗಿ, ಇನ್ನು ಮುಂದೆ ಸಂಜೆ ಇರುವುದಿಲ್ಲ, ವಿರೋಧಿಸಿದವರಿಗೆ ಶಿಕ್ಷೆ ಅಂತ ಸಾರುವ ಭಾಗ ಓದಿದಳು. ಓದಿ, ಹೇಗಿದೆ ಅಂದಳು.

ನಾನು ಅವರೆಕಾಳು ಕೆಳಗಿಟ್ಟೆ. "ನಿನ್ನ ಸರ್ಕಾರ ಒಂದು ವಾರ ನಿಲ್ಲಲ್ಲ ಕಣೇ" ಅಂದೆ.

"ಯಾಕೆ?"

"ಕಿತ್ಕೊಳ್ಳೋದನ್ನ ಯಾರಾದ್ರೂ ಮೈಕಲ್ಲಿ ಹೇಳ್ತಾರಾ? ಕೊಡೋದನ್ನ ಹೇಳ್ಬೇಕು. ಸಂಜೆ ಇಲ್ಲ ಅನ್ಬೇಡ. ಹೆಚ್ಚುವರಿ ರಾತ್ರಿ ಕೊಡ್ತಾ ಇದೀವಿ ಅನ್ನು."

ಅವಳು ಪೆನ್ನಿನ ತುದಿ ಕಚ್ಚಿಕೊಂಡು ನನ್ನನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ಹೆಚ್ಚುವರಿ ರಾತ್ರಿ, ಹೆಚ್ಚುವರಿ ರಾತ್ರಿ ಅಂತ ಎರಡು ಸಲ ಅಂದು ಬರೆದುಕೊಂಡಳು. ನನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅಲ್ಲಿಂದ ನಾನು ಆ ಸರ್ಕಾರಕ್ಕೆ ಸಂಬಳವಿಲ್ಲದ ಸಲಹೆಗಾರನಾದೆ. ಪ್ರತಿ ಪ್ರಕಟಣೆಯ ಮೊದಲಲ್ಲಿ ನೀರಿನ ವಿಷಯ ಹಾಕು ಅಂದೆ, ನೀರು ಅಂದರೆ ಎಂಥವನೂ ಕಿವಿ ಕೊಡುತ್ತಾನೆ, ನೀರಿನ ಮಾತು ನಿಜವಾದರೆ ಅದರ ಹಿಂದೆ ಬರುವ ಸುಳ್ಳೂ ನಿಜವೇ ಅಂದುಕೊಳ್ಳುತ್ತಾನೆ. ಹೊಸ ಆಜ್ಞೆ ಹೊರಡಿಸುವಾಗೆಲ್ಲ 'ನಿನ್ನೆ ತಿಳಿಸಿದಂತೆ' ಅಂತ ಶುರು ಮಾಡು ಅಂದೆ. ನಿನ್ನೆ ಏನೂ ತಿಳಿಸಿರಬಾರದು. ಕೇಳಿದವನು ಸರ್ಕಾರವನ್ನು ಅನುಮಾನಿಸುವುದಿಲ್ಲ, ನಿನ್ನೆ ನಾನೆಲ್ಲಿದ್ದೆ ಅಂತ ತನ್ನನ್ನೇ ಬೈದುಕೊಳ್ಳುತ್ತಾನೆ. ಬಯ್ಯುವ ಪ್ರಕಟಣೆಯನ್ನು ಹೆಂಗಸಿನ ದನಿಯಲ್ಲಿ ಹೇಳಿಸು, ಅಮ್ಮ ಬೈದ ಹಾಗಿರುತ್ತೆ, ಯಾರೂ ಎದುರು ಮಾತಾಡಲ್ಲ ಅಂದೆ. ಅವಳ ಪುಟಗಳು ತುಂಬಿದವು. ನಮ್ಮ ಅಣ್ಣ ಯಾವುದಾದರೂ ದೇಶಕ್ಕೆ ಸಿಕ್ಕಿದ್ದರೆ ಆ ದೇಶ ಕೆಟ್ಟಿತ್ತು ಅಂತ ಅವಳು ರೇಗಿಸುತ್ತಿದ್ದಳು. ನಾನು ನಾಚಿಕೊಳ್ಳುತ್ತಿದ್ದೆ.

ಒಂದು ಉಪಾಯ ಮಾತ್ರ ಪೂರ್ತಿ ಅವಳದು. ಅವಳ ಊರಿನಲ್ಲಿ ಮೂರು ಬೀದಿ, ಬೀದಿಗೊಂದು ಭಾಷೆ. ಸರ್ಕಾರ ಪ್ರತಿ ಬೀದಿಗೂ ಅದರ ಭಾಷೆಯಲ್ಲಿ, ಉಳಿದೆರಡು ಬೀದಿಯವರು ಆಗಲೇ ಒಪ್ಪಿಯಾಗಿದೆ, ಬಾಕಿ ಇರುವುದು ನೀವು ಮಾತ್ರ ಅನ್ನುತ್ತದೆ. ಮೂರು ಬೀದಿಯೂ ಒಪ್ಪುತ್ತದೆ. ಇದು ನಿನಗೆ ಹೇಗೆ ಹೊಳೆಯಿತು ಅಂದೆ. ನಿನ್ನ ಆಟೋ ಕೇಳಿಸಿಕೊಂಡೇ ಹೊಳೆಯಿತು, ತಮ್ಮ ಭಾಷೆ ಮುಗಿದ ಮೇಲೆ ಯಾರೂ ಕೇಳಲ್ಲ ನೋಡು ಅಂದಳು. ನಾನು ತಲೆದೂಗಿದೆ. ಕೆಲಸಕ್ಕೆ ಬರುವ ವಿಷಯ ಅಂದುಕೊಂಡೆ. ಅವಳು ಎಚ್ಚರಿಕೆ ಅಂತ ಬರೆದದ್ದು ನನ್ನ ತಲೆಗೆ ಹೋದದ್ದು ಹೀಗೆ.

ಆ ದಿನಗಳಲ್ಲಿ ನಮ್ಮ ಬೀದಿಯ ಸಂಘದ ಅಧ್ಯಕ್ಷರು ನನ್ನನ್ನು ಮನೆಗೆ ಕರೆಸಿದರು. ದೊಡ್ಡ ಕಾರ್ಖಾನೆಯೊಂದರಿಂದ ನಿವೃತ್ತರಾದವರು. ಮೆಲು ಮಾತು. ಧ್ವಜ ಹಾರಿಸುವ ದಿನ ಮಕ್ಕಳಿಗೆ ತಾವೇ ಲಾಡು ಹಂಚುತ್ತಾರೆ. ಸಂಘ ಹುಟ್ಟಿದಾಗಿನಿಂದ ಅವರೇ ಅಧ್ಯಕ್ಷರು. ಬೇರೆಯವರು ಆಗಬಹುದು ಅಂತ ಅವರಿಗಾಗಲಿ ನಮಗಾಗಲಿ ಹೊಳೆದಿರಲಿಲ್ಲ. ಅದು ಹೊಳೆದದ್ದು ಕರಿಹಲಗೆಗೆ. ಒಂದು ಸಂಜೆ ಹುಡುಗಿಯರು ಅದರ ಮೇಲೆ, ನಮ್ಮ ಸಂಘಕ್ಕೆ ಕೊನೆಯ ಸಲ ಚುನಾವಣೆ ನಡೆದದ್ದು ಯಾವಾಗ ಅಂತ ಬರೆದಿದ್ದರು. ಮೊಸರಿನ ಪ್ರಶ್ನೆಯ ಹಾಗೇ ಕೇಳಿದ್ದು, ಕುತೂಹಲಕ್ಕೆ. ಉತ್ತರ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಪ್ರಶ್ನೆ ಅಳಿಸದೆ ಮೂರ್ನಾಲ್ಕು ದಿನ ಅಲ್ಲೇ ಉಳಿಯಿತು.

ಅಧ್ಯಕ್ಷರು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಕಾಫಿ ಕೊಡಿಸಿದರು. ನೀವು ಅಂದರು. ನಮ್ಮ ಬೀದಿಯಲ್ಲಿ ನನ್ನನ್ನು ಯಾರೂ ನೀವು ಅನ್ನುವುದಿಲ್ಲ. ಮೈಕು ಬಂದ ನೋಡು ಅನ್ನುತ್ತಾರೆ, ನನಗೂ ಆಟೋಗೂ ಸೇರಿಸಿ. ಸಂಘಕ್ಕೆ ಒಂದು ಕಚೇರಿ ಇಲ್ಲದಿರುವುದು ಬೀದಿಗೇ ಅವಮಾನ ಅಂತ ಅವರು ವಿವರಿಸಿದರು. ಮೂಲೆಯ ಕೊಠಡಿ ಹೇಗೂ ಎಲ್ಲರದು. ಈಗ ಅದರಲ್ಲಿ ನಾಲ್ಕು ಹುಡುಗಿಯರು ಕೂತು ಏನು ಓದುತ್ತಾರೋ ಏನು ಮಾತಾಡುತ್ತಾರೋ. ಚಪ್ಪಲಿ ಬೇರೆ ದಾರಿಗೆ ಅಡ್ಡ. ನಿಮ್ಮ ತಂಗಿಯವರ ಮೇಲೆ ನನಗೆ ಗೌರವ ಇದೆ ಅಂತ ಎರಡು ಸಲ ಹೇಳಿದರು. ಭಾನುವಾರ ಸಭೆ, ಜನ ಕೈ ಎತ್ತಿ ಒಪ್ಪಬೇಕು, ಅದಕ್ಕೆ ಮೊದಲು ಒಳ್ಳೆಯ ಪ್ರಚಾರ ಆಗಬೇಕು.

ನಾನು ಕಾಫಿ ಲೋಟದೊಳಗೇ ನೋಡುತ್ತಾ ಕುಡಿದೆ. ಆಗ ಅವರು, "ಸಂಘಕ್ಕೆ ಪ್ರಚಾರ ಕಾರ್ಯದರ್ಶಿ ಅಂತ ಒಂದು ಹುದ್ದೆ ಮಾಡೋಣ ಅಂತಿದೀವಿ. ನಿಮ್ಮನ್ನ ಬಿಟ್ರೆ ಯಾರಿದಾರೆ ಹೇಳಿ. ಫ್ಲೆಕ್ಸಲ್ಲಿ ಫೋಟೋ ಬರುತ್ತೆ" ಅಂದರು.

ಇದನ್ನು ಓದುವವರು ಇಷ್ಟಕ್ಕೇನಾ ಅನ್ನಬಹುದು. ಇಷ್ಟಕ್ಕೇ. ಊರಿಗೆಲ್ಲ ಫ್ಲೆಕ್ಸಿನ ವಿಷಯ ಸಾರಿದವನು ನಾನು. ಒಂದರಲ್ಲೂ ನನ್ನ ಮುಖ ಇರಲಿಲ್ಲ. ಮನೆಗೆ ಬಂದವನೇ ಬಿಳಿ ಅಂಗಿ ಹುಡುಕಿದೆ.

ಪ್ರಚಾರವನ್ನು ತಂಗಿ ಆಫೀಸಿಗೆ ಹೋದ ಮೇಲಿನ ಹೊತ್ತಿಗೆ ಇಟ್ಟುಕೊಂಡೆ. ಮಾತನ್ನು ಯಾರೂ ಬರೆದುಕೊಡಲಿಲ್ಲ. ನನ್ನ ತಲೆಯಲ್ಲಿ ತಯಾರಾಗೇ ಇತ್ತು, ಭಾನುವಾರಗಳ ಕೃಪೆ. ಬೀದಿಯ ಆ ತುದಿಯಿಂದ ಶುರು ಮಾಡಿದೆ.

"ಮಹಾಜನಗಳೇ, ನಾಳೆ ಬೆಳಗ್ಗೆ ನೀರು ಬರುತ್ತದೆ. ನಿನ್ನೆ ತಿಳಿಸಿದಂತೆ, ಮೂಲೆಯ ಕೊಠಡಿಯನ್ನು ನಿಮ್ಮ ಸಂಘವು ಎಲ್ಲರಿಗೂ ತೆರೆದು ಕೊಡಲಿದೆ. ತಮಿಳು ಮನೆಯವರೂ, ಉರ್ದು ಮನೆಯವರೂ ಈಗಾಗಲೇ ಸಂತೋಷದಿಂದ ಒಪ್ಪಿದ್ದಾರೆ. ನಿಮ್ಮದೊಂದೇ ಬಾಕಿ. ಭಾನುವಾರ ಬನ್ನಿ, ಕೈ ಎತ್ತಿ."

ತಮಿಳಿನಲ್ಲಿ, ಕನ್ನಡದವರೂ ಉರ್ದುವಿನವರೂ ಒಪ್ಪಿದ್ದಾರೆ ಅಂದೆ. ಉರ್ದುವಿನಲ್ಲಿ ಕನ್ನಡದವರೂ ತಮಿಳಿನವರೂ. ನೀರು ಮೂರರಲ್ಲೂ ಬಂತು. ಹೆಂಗಸರು ಬಾಗಿಲಿಗೆ ಬಂದು, ತಮ್ಮ ಪಾಲಿನದು ಕೇಳಿ, ಒಳಗೆ ಹೋದರು. ನಾನು ಎಷ್ಟು ಚೆನ್ನಾಗಿ ಮಾಡಿದೆ ಅಂದರೆ, ಒಬ್ಬಾಕೆ ಗಂಡನಿಗೆ, ನಿನ್ನೆ ಹೇಳ್ತಿದ್ರಲ್ಲ ಅದೇ ಅಂತ ವಿವರಿಸಿದ್ದು ಕೇಳಿಸಿತು. ನಿನ್ನೆ ನಾನು ಕಮ್ಮನಹಳ್ಳಿಯಲ್ಲಿ ಚಪ್ಪಲಿ ರಿಯಾಯಿತಿ ಕೂಗುತ್ತಿದ್ದೆ.

ಎರಡನೇ ದಿನ ನಮ್ಮ ಮನೆಯ ಮುಂದೆ ಬಂದಾಗ ತಂಗಿ ಟೆರೇಸಿನ ಮೇಲೆ ನಿಂತಿದ್ದಳು. ಬೆಳಗ್ಗೆ ನಾನು ಹೊರಟಾಗ ಸೀರೆ ಉಟ್ಟು ತಯಾರಾಗಿದ್ದವಳು, ಮೈ ಬಿಸಿಯಾಗಿದೆ ಅಂತ ರಜೆ ಹಾಕಿ ಉಳಿದಿದ್ದಳಂತೆ. ಶಾಲು ಹೊದ್ದುಕೊಂಡು ಬಿಸಿಲಿಗೆ ನಿಂತಿದ್ದಳು. ನಾನು ನೋಡಿದಾಗ ಕನ್ನಡ ಮುಗಿದಿತ್ತು, ತಮಿಳು ಅರ್ಧದಲ್ಲಿತ್ತು. ಅಲ್ಲಿ ನಿಲ್ಲಿಸಬಹುದಿತ್ತು. ಕೆಮ್ಮಬಹುದಿತ್ತು. ಇಂಜಿನ್ ಆಫ್ ಮಾಡಬಹುದಿತ್ತು. ನಾನು ತಮಿಳನ್ನು ಮುಗಿಸಿದೆ. ಮುಗಿಸಿ ಉರ್ದುವನ್ನೂ ಹೇಳಿದೆ, ಸ್ಪಷ್ಟವಾಗಿ, ಒಂದಕ್ಷರ ನುಂಗದೆ. ಅವಳು ಮೂರನ್ನೂ ಕೇಳಿದಳು. ಆಮೇಲೆ ಒಣಗಿದ ಬಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಮಧ್ಯಾಹ್ನ ಊಟಕ್ಕೆ ಸಾರು ಬಡಿಸುತ್ತಾ, "ನಿನ್ನೆ ಯಾವಾಗ ತಿಳಿಸಿದ್ರಣ್ಣ?" ಅಂದಳು.

"ಅಧ್ಯಕ್ಷರು ಹಾಗೆ ಹೇಳು ಅಂದ್ರು" ಅಂದೆ. ಅಧ್ಯಕ್ಷರು ಹಾಗೆ ಅಂದಿರಲಿಲ್ಲ. ಅಷ್ಟು ಬುದ್ಧಿ ಅವರಿಗೆ ಇರಲೂ ಇಲ್ಲ. ಅವಳಿಗೆ ಅದು ಗೊತ್ತಿತ್ತು. ಅನ್ನಕ್ಕೆ ಮಜ್ಜಿಗೆ ಹಾಕಿದಳು.

ಭಾನುವಾರ ಸಂಜೆ ಕೊಠಡಿಯ ಮುಂದೆ ಶಾಮಿಯಾನ ಹಾಕಿದ್ದರು. ಆ ದಿನ ಕೊಠಡಿಗೆ ಬೀಗ. ಕರಿಹಲಗೆಯನ್ನು ಯಾರೋ ಇಳಿಸಿ ಗೋಡೆಗೆ ತಿರುಗಿಸಿ ಇಟ್ಟಿದ್ದರು. ಮುಂದಿನ ಸಾಲಿನಲ್ಲಿ ಸಮಿತಿ, ಹಿಂದೆ ಬೀದಿ. ನಾನು ಒಂದು ಬದಿಯಲ್ಲಿ ಮೇಜಿನ ಮೇಲೆ ಆಂಪ್ಲಿಫೈಯರ್ ಇಟ್ಟುಕೊಂಡು ಬಿಳಿ ಅಂಗಿಯಲ್ಲಿ ಕೂತಿದ್ದೆ. ಅಧ್ಯಕ್ಷರು ಚೆನ್ನಾಗಿ ಮಾತಾಡಿದರು, ಚಿಕ್ಕದಾಗಿ. ಎಲ್ಲರ ಕೊಠಡಿ ಎಲ್ಲರಿಗೆ ಅಂದರು. ಯಾರ ಕೊಠಡಿ ಯಾರಿಗೆ ಹೋಗುತ್ತಿದೆ ಅಂತ ಕೇಳುವ ಹಾಗೇ ಇರಲಿಲ್ಲ.

ಆಗ ತಂಗಿ ಎದ್ದಳು. ಎರಡು ನಿಮಿಷ ಮಾತಾಡಬೇಕು ಅಂದಳು. ಅಧ್ಯಕ್ಷರು ಧಾರಾಳವಾಗಿ, ಪ್ರಜಾಪ್ರಭುತ್ವ ತಾಯಿ, ಬನ್ನಿ ಅಂದರು. ಅನ್ನುತ್ತಾ ನನ್ನ ಕಡೆ ಒಮ್ಮೆ ನೋಡಿದರು. ಅವರು ಏನೂ ಹೇಳಲಿಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ. ಕಣ್ಣು ಸನ್ನೆಯನ್ನೂ ಮಾಡಲಿಲ್ಲ. ಸುಮ್ಮನೆ ನೋಡಿದರು. ನನ್ನ ಕೈ ತಾನಾಗಿ ವಾಲ್ಯೂಮಿನ ತಿರುಪಿಗೆ ಹೋಯಿತು.

ಪೂರ್ತಿ ಬಂದ್ ಮಾಡಲಿಲ್ಲ. ಬಂದ್ ಮಾಡಿದರೆ ಜನಕ್ಕೆ ಗೊತ್ತಾಗುತ್ತೆ, ಇದು ಕಸುಬು ಗೊತ್ತಿದ್ದವನ ಕೈ. ಮೊದಲ ಸಾಲಿಗೆ ಕೇಳುವಷ್ಟು ಉಳಿಸಿ ಮಿಕ್ಕಿದ್ದನ್ನು ಇಳಿಸಿದೆ. ಮೊದಲ ಸಾಲಿನಲ್ಲಿ ಇದ್ದದ್ದು ಸಮಿತಿ. ತಂಗಿಗೆ ಇನ್ನೂ ಜ್ವರ ಬಿಟ್ಟಿರಲಿಲ್ಲ, ಗಂಟಲು ಒಡೆದಿತ್ತು. ಅವಳು ಮೂರು ಭಾಷೆಯಲ್ಲೂ ಹೇಳಿದಳು. ನಿಮ್ಮ ನಿಮ್ಮೊಳಗೆ ಒಬ್ಬರನ್ನೊಬ್ಬರು ಕೇಳಿಕೊಳ್ಳಿ, ಯಾರು ಒಪ್ಪಿದ್ದಾರೆ, ಯಾವಾಗ ಒಪ್ಪಿದರು ಅಂತ. ನನಗೆ ಕೇಳಿಸಿತು, ನಾನು ಪಕ್ಕದಲ್ಲೇ ಇದ್ದೆ. ಹಿಂದಿನವರಿಗೆ ಅವಳ ತುಟಿ ಆಡುವುದು ಕಾಣುತ್ತಿತ್ತು. ಕೇಳ್ತಿಲ್ಲ ಅಂತ ಯಾರೋ ಅಂದರು. ಅವಳು ನನ್ನ ಕಡೆ ತಿರುಗಿ, ದನಿ ಹೆಚ್ಚಿಸು ಅಂತ ಕೈ ಮಾಡಿದಳು.

"ಬ್ಯಾಟರಿ ಇಳಿದಿದೆ" ಅಂದೆ.

ಅಧ್ಯಕ್ಷರು ಎದ್ದು ಮೈಕಿಲ್ಲದೆಯೇ, ತಾಂತ್ರಿಕ ತೊಂದರೆಗೆ ಕ್ಷಮೆ ಇರಲಿ, ಇವರ ಅಭಿಪ್ರಾಯ ನಮಗೆಲ್ಲ ಗೊತ್ತಿರುವಂಥದ್ದೇ ಅಂದರು. ಕೈ ಎತ್ತಲು ಹೇಳಿದರು. ಎಲ್ಲರೂ ಮೊದಲು ಅಕ್ಕಪಕ್ಕ ನೋಡಿದರು. ಕನ್ನಡದವರು ತಮಿಳರನ್ನು, ತಮಿಳರು ಉರ್ದುವಿನವರನ್ನು. ಒಬ್ಬರು ಅರ್ಧ ಎತ್ತಿದ್ದನ್ನು ನೋಡಿ ಇನ್ನೊಬ್ಬರು ಪೂರ್ತಿ ಎತ್ತಿದರು. ನಮ್ಮ ಕೆಳಮನೆಯಾಕೆ, ಎರಡು ಹೆಣ್ಣುಮಕ್ಕಳನ್ನು ದಿನಾ ಸಂಜೆ ಆ ಕೊಠಡಿಗೆ ಕಳಿಸಿ ನೆಮ್ಮದಿಯಾಗಿ ರೊಟ್ಟಿ ಬಡಿಯುತ್ತಿದ್ದವಳು, ಅವಳೂ ಎತ್ತಿದಳು. ನೀನೂನಾ ಅಂತ ತಂಗಿ ಕೇಳಿದ್ದಕ್ಕೆ ಆಕೆಗೆ ಸಂಕೋಚವಾಯಿತು.

"ಎಲ್ಲಾರೂ ಒಪ್ಪವ್ರಂತೆ ಅಕ್ಕ. ನಾನೊಬ್ಳೇ ಬ್ಯಾಡ ಅಂದ್ರೆ ಚೆನ್ನಾಗಿರಲ್ಲ ಅಲ್ವಾ?" ಅಂದಳು, ಕೈ ಇಳಿಸದೆ.

ನಾನು ಕೈ ಎತ್ತಬೇಕಾಗಿ ಬರಲಿಲ್ಲ. ಅದು ತಿರುಪಿನ ಮೇಲಿತ್ತು.

ಫ್ಲೆಕ್ಸ್ ಬಂತು. ಅಧ್ಯಕ್ಷರು ಆಳೆತ್ತರಕ್ಕೆ, ಸಮಿತಿಯವರು ಎದೆಯ ತನಕ, ಕೊನೆಯ ಸಾಲಿನ ತುದಿಯಲ್ಲಿ ಅಂಚೆಚೀಟಿಯಷ್ಟು ನಾನು. ಕಂಬಕ್ಕೆ ಕಟ್ಟುವಾಗ ಆ ತುದಿಯನ್ನೇ ಮಡಿಸಿ ಕಟ್ಟಿದ್ದರಿಂದ ನನ್ನ ಒಂದು ಕಿವಿಯೂ 'ಪ್ರಚಾರ' ಅನ್ನುವ ಪದವೂ ಒಳಗೆ ಹೋಗಿ, 'ಕಾರ್ಯದರ್ಶಿ' ಮಾತ್ರ ಹೊರಗೆ ಉಳಿಯಿತು. ಆದರೂ ದಿನಾ ಆ ದಾರಿಯಲ್ಲೇ ಹೋಗುತ್ತಿದ್ದೆ. ಕೆಲವು ವಾರದ ಮೇಲೆ ಯಾರೋ ಅದನ್ನು ಬಿಚ್ಚಿ ಬೈಕಿಗೆ ಹೊದಿಸಿದರು.

ಕೊಠಡಿಗೆ ಗಾಜಿನ ಬಾಗಿಲು ಬಂತು, ಒಳಗೆ ಗಾಜಿನ ಮೇಜು ಬಂತು. ಎಲ್ಲರಿಗೂ ತೆರೆದದ್ದು ನಿಜ, ಯಾರೂ ಹೋಗುವುದಿಲ್ಲ ಅಷ್ಟೇ. ಸಂಜೆ ಅಧ್ಯಕ್ಷರು ಒಬ್ಬರೇ ಕೂತು ಬೆಳಗಿನ ಪೇಪರು ಓದುತ್ತಾರೆ. ಹಾಗೆ ನೋಡಿದರೆ ಅದು ಈಗಲೂ ಓದುವ ಕೋಣೆಯೇ. ಪುಸ್ತಕಗಳು ರಟ್ಟಿನ ಡಬ್ಬಗಳಲ್ಲಿ ನಮ್ಮ ಮನೆಗೆ ಬಂದು ನನ್ನ ಮಂಚದ ಕೆಳಗೆ ಸೇರಿದವು.

ತಂಗಿ ಜಗಳವಾಡಲಿಲ್ಲ. ಅದೇ ಊಟ, ಅದೇ ಕಾಫಿ. ಭಾನುವಾರ ಓದುವುದು ಮಾತ್ರ ನಿಂತಿತು. ನಾನು ಒಂದೆರಡು ಭಾನುವಾರ ಅವರೆಕಾಳು ತಂದು, ನೆನೆಸಿ, ಬಟ್ಟಲು ಹಿಡಿದು ಅವಳೆದುರು ಕೂತು ನೋಡಿದೆ. ಅವಳು ಬಟ್ಟಲು ತೆಗೆದುಕೊಂಡು ತಾನೇ ಹಿತುಕಿ ಅಡಿಗೆ ಮಾಡಿದಳು. ಕಾದಂಬರಿ ಮುಂದೇನಾಯಿತು ಅಂತ ಕೇಳಿದೆ. ಇನ್ನೂ ಬರೀತಿದೀನಿ ಅಂದಳು. ನನ್ನ ಸರ್ಕಾರ ಬಿತ್ತೋ ಇನ್ನೂ ಇದೆಯೋ ತಿಳಿಯಲಿಲ್ಲ.

ಹುಡುಗಿಯರು ಮಾತ್ರ ಬಿಡಲಿಲ್ಲ. ನಮ್ಮ ಮನೆ ಮೊದಲ ಮಹಡಿ, ಹೊರಗಡೆಯಿಂದ ಕಿರಿದಾದ ಮೆಟ್ಟಿಲು. ಸಂಜೆ ಆ ಮೆಟ್ಟಿಲ ಮೇಲೆ ಒಂದೊಂದಕ್ಕೆ ಇಬ್ಬಿಬ್ಬರಂತೆ ಕೂರತೊಡಗಿದರು. ತಂಗಿ ಮೇಲಿನ ಮೆಟ್ಟಿಲಲ್ಲಿ. ಬಲ್ಬು ಒಂದು ಇಳಿಬಿಟ್ಟುಕೊಂಡರು. ಕೆಲಸ ಮುಗಿಸಿ ಬರುವ ನಾನು ಪುಸ್ತಕ, ಜಡೆ, ಕಂಪಾಸ್ ಬಾಕ್ಸುಗಳನ್ನು ದಾಟಿಕೊಂಡು ಮೇಲೆ ಹತ್ತಬೇಕು. ಅವರು ಓದುತ್ತಲೇ ಕಾಲು ಸರಿಸುತ್ತಾರೆ.

ಹಾಗೆ ಹತ್ತುತ್ತಿದ್ದ ಒಂದು ಸಂಜೆ ತಂಗಿ ಕಾದಂಬರಿ ಓದುತ್ತಿದ್ದಳು, ಅವರಿಗೆ. ಮೂರು ಬೀದಿಯ ಭಾಗ. ನಾನು ಅರ್ಧ ಮೆಟ್ಟಿಲಲ್ಲಿ ನಿಂತೆ, ದಾರಿ ಇಲ್ಲದ್ದಕ್ಕೆ ನಿಂತ ಹಾಗೆ. ಓದು ಮುಗಿದ ಮೇಲೆ ಕೆಳಮನೆಯಾಕೆಯ ದೊಡ್ಡ ಮಗಳು ತಕರಾರು ತೆಗೆದಳು.

"ಇದು ನಂಬೋ ಹಾಗಿಲ್ಲ ಮಿಸ್. ಮೂರು ಬೀದಿಯವ್ರಿಗೂ ಮೂರು ಭಾಷೆ ಬರುತ್ತೆ ಅಂತ ನೀವೇ ಬರ್ದಿದೀರ. ಒಬ್ರಾದ್ರೂ ಪಕ್ಕದವ್ರನ್ನ ಕೇಳಲ್ವಾ? ಅಷ್ಟು ದಡ್ರಾ?"

ಸಭೆಯ ದಿನ ಆ ಹುಡುಗಿಯನ್ನು ಓದಿಕೋ ಅಂತ ಮನೆಯಲ್ಲೇ ಬಿಟ್ಟು ಬಂದಿದ್ದಳು ಅವಳ ತಾಯಿ. ತಂಗಿ ಹಾಳೆಗಳನ್ನು ಜೋಡಿಸಿಕೊಂಡಳು. ತಲೆ ಎತ್ತದೆ, "ಅವನನ್ನ ಕೇಳು. ಅವನು ಆ ಇಲಾಖೆಯವನು" ಅಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಮೇಲೆ ಹೋಗಲು ದಾರಿ ಇರಲಿಲ್ಲ, ಕೆಳಗೆ ಹೋದರೆ ಓಡಿಹೋದ ಹಾಗೆ. ನಾನು ಹೇಳಿದೆ. ಮೊದಲು ನೀರಿನ ವಿಷಯ ಹೇಳಿದೆ, ಆಮೇಲೆ ನಿನ್ನೆಯದು, ಆಮೇಲೆ ಬಾಕಿ ಇರುವುದು ನೀವೇ ಅನ್ನುವುದು. ಇದು ಕಾದಂಬರಿಯಲ್ಲ, ನಮ್ಮ ಬೀದಿಯಲ್ಲೇ ಆದದ್ದು, ಮಾಡಿದವನು ನಾನು ಅಂದೆ. ನಿಮ್ಮಮ್ಮ ದಡ್ಡರಲ್ಲ ಕಣಮ್ಮ ಅಂದೆ. ಆ ಹುಡುಗಿ ಪೆನ್ಸಿಲ್ ಕೆತ್ತುವುದನ್ನು ನಿಲ್ಲಿಸಿದಳು. ಅಲ್ಲಿಗೆ ಸಾಕಾಗಿತ್ತು, ಆದರೆ ಒಂದು ಉಳಿದಿತ್ತು.

"ಬ್ಯಾಟರಿ ಸರಿಯಾಗೇ ಇತ್ತು" ಅಂದೆ, ತಂಗಿಗೆ.

"ಗೊತ್ತು" ಅಂದಳು. "ಮಾರನೇ ದಿನ ಅದೇ ಬ್ಯಾಟರೀಲಿ ಶಿವಾಜಿನಗರಕ್ಕೆಲ್ಲಾ ಕೇಳೋ ಹಾಗೆ ಕೂಗ್ಕೊಂಡು ಹೋದೆ."

ಸಣ್ಣ ಹುಡುಗಿಯೊಬ್ಬಳು ಕೇಳಿದಳು, ಯಾಕಂಕಲ್ ಹಾಗೆ ಮಾಡಿದ್ರಿ ಅಂತ. ಹೇಳಬಹುದಾದಂಥ ಒಳ್ಳೆಯ ಕಾರಣ ಒಂದೂ ಸಿಗಲಿಲ್ಲ. ಫ್ಲೆಕ್ಸಲ್ಲಿ ಫೋಟೋ ಹಾಕ್ತೀವಿ ಅಂದಿದ್ದರು ಅಂದೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಕೆಳಮನೆಯಾಕೆಯ ಮಗಳು ನಗಲಿಲ್ಲ. ತಂಗಿಯೂ ನಗಲಿಲ್ಲ. ನಗು ನಿಂತ ಮೇಲೆ ಅವಳು ಕೇಳಿದಳು.

"ಈಗ ಹೇಳಿದ್ಯಲ್ಲ, ಇದನ್ನೇ ಮೈಕಲ್ಲಿ ಹೇಳ್ತೀಯಾ? ಬೀದಿಗೆ? ಮೂರು ಭಾಷೇಲೂ ಒಂದೇ ಥರ?"

"ನೋಡೋಣ" ಅಂದೆ.

ಅವಳು ತಲೆಯಾಡಿಸಿ ಗಣಿತದ ಪುಸ್ತಕ ತೆಗೆಯಿರಿ ಅಂದಳು. ನಾನು ಮೇಲೆ ಹತ್ತಿದೆ.

ಅದಾಗಿ ಮಳೆಗಾಲ ಒಂದು ಮುಗಿದಿದೆ. ನೋಡುತ್ತಲೇ ಇದ್ದೇನೆ. ಹೇಳಬೇಕಾದ್ದು ನಾಲ್ಕು ಸಾಲು. ಕೊಠಡಿ ಕೊಡಲು ಯಾರೂ ಮೊದಲು ಒಪ್ಪಿರಲಿಲ್ಲ, ಎಲ್ಲರಿಗೂ ಸುಳ್ಳು ಹೇಳಿದೆ, ತಂಗಿಯ ಮಾತನ್ನು ನಿಮಗೆ ಕೇಳಿಸದ ಹಾಗೆ ಮಾಡಿದೆ, ಬೇಕಾದರೆ ಇನ್ನೊಮ್ಮೆ ಸಭೆ ಸೇರಿ. ಖಾಲಿ ರಸ್ತೆಯಲ್ಲಿ, ದೊಡ್ಡನೆಕ್ಕುಂದಿಯ ಕಾರ್ಖಾನೆಗಳ ಹಿಂದೆ, ಹಾರ್ನ್ ಆಫ್ ಮಾಡಿಕೊಂಡು ಹೇಳಿ ನೋಡಿದ್ದೇನೆ. ಮೂರು ಭಾಷೆಯಲ್ಲೂ ಸಲೀಸಾಗಿ ಬರುತ್ತದೆ. ನಮ್ಮ ಬೀದಿಗೆ ತಿರುಗಿದ ಕೂಡಲೇ ನೀರಿನ ಸಮಯ ಮಾತ್ರ ಬಾಯಿಗೆ ಬರುತ್ತದೆ. ಅದಕ್ಕೇ ಕೂತು ಬರೆದೆ. ಬರೆಯುವುದು ನನ್ನಂಥವನಿಗೆ ಕಷ್ಟ ಅಂದುಕೊಂಡಿದ್ದೆ. ಕಷ್ಟವಲ್ಲ. ಬರೆದರೆ ಬೀದಿಗೆ ಕೇಳಿಸುವುದಿಲ್ಲ. ಇದೂ ದನಿ ಇಳಿಸಿ ಹೇಳಿದ್ದೇ ಅಂತ ತಂಗಿ ಅಂದರೆ ಅದೂ ನಿಜವೇ.

ನಿನ್ನೆ ಸಂಘದ ವಾರ್ಷಿಕೋತ್ಸವದ ಪ್ರಚಾರ ಇತ್ತು. ನಾನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಮೆಟ್ಟಿಲಿಳಿದೆ. ತಂಗಿ ಅಲ್ಲೇ ಕೂತು ಯಾರದೋ ನೋಟ್‌ಬುಕ್ ತಿದ್ದುತ್ತಿದ್ದಳು. ಇವತ್ತು ಹೇಳ್ತೀಯಾ ಅಂತ ಕೇಳಲಿಲ್ಲ. ತಿದ್ದುತ್ತಲೇ ಕಾಲು ಸರಿಸಿ ನನಗೆ ದಾರಿ ಬಿಟ್ಟಳು.